ಚಂಡೀಗಢದ ಸೆಕ್ಟರ್ 22: ಜವಾನರಿಗೂ ಅಂಗಳ ಕೊಟ್ಟ ಬಡಾವಣೆ ಈಗ ಯಾರ ಪಾಲಿಗೆ?

ನೀಲಿನಕ್ಷೆ:

ಚಂಡೀಗಢದ ಮನೆಗಳ ಬಗ್ಗೆ ಬಂದ ತೀರ್ಪೊಂದರಲ್ಲಿ ಬೆಂಗಳೂರಿನ ಹೆಸರಿದೆ. ನಮ್ಮ ಕಡೆ ಇದು ಹೆಚ್ಚು ಚರ್ಚೆಯಾಗಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. 2023ರ ಜನವರಿ 10ರಂದು ಸುಪ್ರೀಂ ಕೋರ್ಟ್ ಚಂಡೀಗಢದ ಮೊದಲ ಹಂತದ ಸೆಕ್ಟರುಗಳಲ್ಲಿ, ಅಂದರೆ 1ರಿಂದ 30ರವರೆಗಿನ ಸೆಕ್ಟರುಗಳಲ್ಲಿ, ಒಂದು ಕುಟುಂಬಕ್ಕೆಂದು ಮಂಜೂರಾದ ಮನೆಯನ್ನು ಮಹಡಿಗೊಬ್ಬ ಮಾಲೀಕನಂತೆ ಒಡೆದು ಮಾರುವುದಕ್ಕೆ ತಡೆ ಹಾಕಿತು. ತೀರ್ಪು ಮುಗಿಸುವ ಮುನ್ನ ನ್ಯಾಯಪೀಠ ಬೆಂಗಳೂರು ಹಾಳಾದ ಬಗೆಯನ್ನು ಕುರಿತ ವಾರಪತ್ರಿಕೆಯ ಲೇಖನವೊಂದನ್ನು ಎತ್ತಿಕೊಂಡು, ಆ ನಗರ ಕೊಡುತ್ತಿರುವ ಎಚ್ಚರಿಕೆಯನ್ನು ಸರ್ಕಾರಗಳು ಕಿವಿಗೆ ಹಾಕಿಕೊಳ್ಳಬೇಕು ಎಂದು ಹೇಳಿತು. ನಾನು ನಗರ ಯೋಜನೆಯ ಕೆಲಸದಲ್ಲಿದ್ದೇನೆ, ಸೆಕ್ಟರ್ 22ರಲ್ಲಿ ಬಾಡಿಗೆಗೆ ಇದ್ದೇನೆ, ಊರು ಶಿವಮೊಗ್ಗ. ಆ ಸಾಲುಗಳನ್ನು ಓದಿದಾಗ ಎದೆಗೆ ನಾಟಿತು.

ಚಂಡೀಗಢ ಎಂದರೆ ಎಲ್ಲರೂ ಕ್ಯಾಪಿಟಲ್ ಸಂಕೀರ್ಣಕ್ಕೆ ಹೋಗುತ್ತಾರೆ. ವಿಧಾನಸಭೆ, ಹೈಕೋರ್ಟು, ಸಚಿವಾಲಯ, ತೆರೆದ ಹಸ್ತದ ಸ್ಮಾರಕ. 2016ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದೂ ಅದನ್ನೇ, ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ರೂಪಿಸಿದ 17 ತಾಣಗಳಲ್ಲಿ ಒಂದಾಗಿ. ಜನ ವಾಸಿಸುವ ಸೆಕ್ಟರುಗಳು ಆ ಪಟ್ಟಿಯಲ್ಲಿಲ್ಲ. ಆದರೆ ಈ ನಗರದ ದೊಡ್ಡ ಕೆಲಸ ನಡೆದದ್ದು ವಸತಿಯಲ್ಲಿ ಎಂಬುದು ನನ್ನ ದೃಢ ನಂಬಿಕೆ. ಮೊದಲು ಕಟ್ಟಿದ ಸೆಕ್ಟರ್ 22ರಲ್ಲಿ ಅದು ಈಗಲೂ ಕಣ್ಣಿಗೆ ಕಾಣುತ್ತದೆ.

ಹಿನ್ನೆಲೆ ಚುಟುಕಾಗಿ: ದೇಶ ವಿಭಜನೆಯಲ್ಲಿ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು, ಪೂರ್ವ ಪಂಜಾಬಿಗೆ ರಾಜಧಾನಿಯೇ ಇಲ್ಲವಾಯಿತು. ಶಿಮ್ಲಾದಲ್ಲಿ ತಾತ್ಕಾಲಿಕವಾಗಿ ಆಡಳಿತ ನಡೆಯಿತು. ಮೊದಲ ನಕ್ಷೆ ಅಮೆರಿಕದ ಆಲ್ಬರ್ಟ್ ಮೇಯರ್ ಅವರದು. ಅವರ ಜೊತೆಗಾರ ಮ್ಯಾಥ್ಯೂ ನೊವಿಟ್ಸ್ಕಿ 1950ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಗ ಆಡಳಿತಾಧಿಕಾರಿ ಪಿ.ಎನ್. ಥಾಪರ್ ಮತ್ತು ಮುಖ್ಯ ಎಂಜಿನಿಯರ್ ಪಿ.ಎಲ್. ವರ್ಮಾ ಯುರೋಪಿಗೆ ಹೋಗಿ ಹೊಸ ತಂಡವನ್ನು ಕಟ್ಟಿಕೊಂಡು ಬಂದರು. ಕಾರ್ಬೂಸಿಯೆ ವರ್ಷಕ್ಕೆ ಎರಡು ಸಲ ಬಂದು ಹೋಗುವ ಒಪ್ಪಂದ. ಇಲ್ಲೇ ಉಳಿದು ಮನೆ, ಶಾಲೆ, ಅಂಗಡಿಗಳನ್ನು ರೂಪಿಸಿದವರು ಅವರ ದಾಯಾದಿ ಪಿಯರ್ ಜಾನರೆ, ಇಂಗ್ಲೆಂಡಿನ ದಂಪತಿ ಮ್ಯಾಕ್ಸ್‌ವೆಲ್ ಫ್ರೈ ಮತ್ತು ಜೇನ್ ಡ್ರೂ, ಜೊತೆಗೆ ಎಂ.ಎನ್. ಶರ್ಮಾ, ಯೂಲಿ ಚೌಧರಿ, ಆದಿತ್ಯ ಪ್ರಕಾಶ್, ಜೀತ್ ಮಲ್ಹೋತ್ರಾ ಮೊದಲಾದ ನಮ್ಮ ತರುಣ ವಾಸ್ತುಶಿಲ್ಪಿಗಳು.

ಇಂಥ ಬಡಾವಣೆಯನ್ನು ಇದ್ದ ಹಾಗೇ ಕಾಯಬೇಕೋ, ಇನ್ನಷ್ಟು ಜನರಿಗೆ ತೆರೆಯಬೇಕೋ? ಇಲ್ಲಿ ಬಾಳಿದವರು, ಬಾಳುತ್ತಿರುವವರು ಹೇಳಿ.

ಹೊಂಗೆನೆರಳು:

ನಾನು ಜಯನಗರದವಳು. ನಮ್ಮದೂ ಯೋಜಿಸಿ ಕಟ್ಟಿದ ಬಡಾವಣೆಯೇ. ಬ್ಲಾಕುಗಳು, ಉದ್ಯಾನ, ನಾಲ್ಕನೇ ಬ್ಲಾಕಿನ ವಾಣಿಜ್ಯ ಸಂಕೀರ್ಣ, ಸಾಲುಮರದ ಅಡ್ಡರಸ್ತೆಗಳು. ಈಗ ನಮ್ಮ ಅಡ್ಡರಸ್ತೆಯಲ್ಲಿ ಹಳೆಯ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸುವುದು ನಿಂತೇ ಇಲ್ಲ. ಕೊಳವೆಬಾವಿಗೆ ನೀರಿಲ್ಲ, ಕಾರು ನಿಲ್ಲಿಸಲು ಜಾಗವಿಲ್ಲ, ಪಾದಚಾರಿ ಮಾರ್ಗದ ಮೇಲೆ ಜನರೇಟರ್. ಹಾಗಾಗಿ ಆ ತೀರ್ಪಿನ ಬಗ್ಗೆ ನನಗೆ ಮೊದಲೇ ಒಲವಿದೆ. ಆದರೆ ಒಂದು ತಿಳಿಯಬೇಕು. ಸೆಕ್ಟರ್ ನಮ್ಮ ಬ್ಲಾಕಿಗಿಂತ ಹೇಗೆ ಬೇರೆ? ಅಗಲ ರಸ್ತೆ, ಚೌಕ ನಿವೇಶನ ಇಷ್ಟೇ ಆದರೆ ಮೈಸೂರಿನಲ್ಲೂ ಇದೆಯಲ್ಲ?

ನೀಲಿನಕ್ಷೆ:

ಹೊಂಗೆನೆರಳು ಅವರೇ, ಪ್ರಶ್ನೆ ಸರಿಯಾದ ಜಾಗಕ್ಕೆ ಬಂದಿದೆ.

ಒಂದು ಸೆಕ್ಟರ್ ಸುಮಾರು 1,200 ಮೀಟರ್ ಉದ್ದ, 800 ಮೀಟರ್ ಅಗಲ. ನಾಲ್ಕೂ ಸುತ್ತ ವೇಗದ ರಸ್ತೆ. ಆ ರಸ್ತೆಗೆ ಯಾವ ಮನೆಯೂ ಬಾಗಿಲು ತೆರೆಯುವುದಿಲ್ಲ. ಎಲ್ಲ ಮನೆಗಳೂ ಅದಕ್ಕೆ ಬೆನ್ನು ಹಾಕಿ ಒಳಮುಖವಾಗಿ ಕುಳಿತಿವೆ. ವಾಹನ ಸೆಕ್ಟರಿನೊಳಗೆ ಬರಲು ಬೆರಳೆಣಿಕೆಯ ದಾರಿಗಳು ಮಾತ್ರ. ಜಯನಗರದ ಅಡ್ಡರಸ್ತೆ ಎರಡು ಕಡೆಯೂ ಮುಖ್ಯರಸ್ತೆಗೆ ತೆರೆದಿರುತ್ತದೆ, ಬನಶಂಕರಿಗೆ ಹೋಗುವವನು ನಿಮ್ಮ ಮನೆಯ ಮುಂದೆ ಹಾಯ್ದು ಹೋಗಬಹುದು. ಇಲ್ಲಿ ಹಾಗೆ ಹಾಯುವುದರಿಂದ ಲಾಭವಿಲ್ಲ, ಅದಕ್ಕೇ ಹಾಯುವವರೂ ಕಡಿಮೆ.

ರಸ್ತೆಗಳಿಗೆ ಏಳು ದರ್ಜೆ. ವಿ1 ಹೊರ ಊರುಗಳಿಂದ ಬರುವುದು, ವಿ2 ನಗರದ ಹೆದ್ದಾರಿಗಳು (ಮಧ್ಯ ಮಾರ್ಗ, ಜನ ಮಾರ್ಗ, ದಕ್ಷಿಣ ಮಾರ್ಗ), ವಿ3 ಸೆಕ್ಟರಿನ ಸುತ್ತಿನ ರಸ್ತೆ. ವಿ4 ಸೆಕ್ಟರಿನ ನಡುವೆ ಬಳುಕುತ್ತ ಸಾಗುವ ಪೇಟೆಬೀದಿ. ವಿ5 ಒಳಗಿನ ಬಳಸುದಾರಿ, ವಿ6 ಮನೆ ಬಾಗಿಲಿಗೆ ಬರುವುದು. ವಿ7 ಹಸಿರು ಪಟ್ಟಿಯೊಳಗಿನ ಕಾಲುದಾರಿ. ನನಗೆ ಇದರಲ್ಲಿ ಹೆಚ್ಚು ಮೆಚ್ಚುಗೆ ವಿ4 ಮತ್ತು ಹಸಿರು ಪಟ್ಟಿ ಒಂದನ್ನೊಂದು ಕತ್ತರಿಸುವ ಜಾಣತನದ ಬಗ್ಗೆ. ಪೇಟೆಬೀದಿ ಸೆಕ್ಟರಿನ ಅಡ್ಡಲಾಗಿ ಹೋಗುತ್ತದೆ, ಅಂಗಡಿಗಳು ದಕ್ಷಿಣದ ಬದಿಯಲ್ಲಿ ಮಾತ್ರ, ಹಾಗಾಗಿ ಅಂಗಡಿಯ ಮುಂದೆ ನೆರಳು ಬೀಳುತ್ತದೆ ಮತ್ತು ಗಿರಾಕಿ ಪದೇಪದೇ ರಸ್ತೆ ದಾಟಬೇಕಾಗಿಲ್ಲ. ಹಸಿರು ಪಟ್ಟಿ ಬೆಟ್ಟದ ದಿಕ್ಕಿಗೆ ನೇರವಾಗಿ ಹರಿಯುತ್ತದೆ, ಶಾಲೆಗಳು ಅದರೊಳಗಿವೆ. ಒಂದು ಸೆಕ್ಟರಿನ ಹಸಿರು ಮುಂದಿನ ಸೆಕ್ಟರಿನ ಹಸಿರಿಗೆ ಸೇರಿಕೊಳ್ಳುತ್ತದೆ. ಆರು ವರ್ಷದ ಮಗು ವೇಗದ ರಸ್ತೆಯನ್ನೊಂದನ್ನೂ ದಾಟದೆ ನಡೆದೇ ಶಾಲೆಗೆ ಹೋಗಬೇಕು ಎಂಬ ನಿಶ್ಚಯದಿಂದ ನಕ್ಷೆ ಹೊರಟಿದೆ.

ಸೆಕ್ಟರ್ 22ರ ಉತ್ತರಕ್ಕೆ ನಗರಕೇಂದ್ರವಾದ ಸೆಕ್ಟರ್ 17 ಇದೆ, ದಕ್ಷಿಣಕ್ಕೆ ದಕ್ಷಿಣ ಮಾರ್ಗ. ಇಲ್ಲಿ ಜನ ಬಂದು ನೆಲೆಸಿದಾಗ ಸುತ್ತಲೂ ಹೊಲ ಮತ್ತು ಮಾವಿನ ತೋಪು. ಬೇಕಾದದ್ದೆಲ್ಲ ಸೆಕ್ಟರಿನೊಳಗೇ ಸಿಗಬೇಕಿತ್ತು. ಅದಕ್ಕೇ ಶಾಲೆ, ಚಿಕಿತ್ಸಾಲಯ, ಪೇಟೆ, ಸಿನಿಮಾ ಮಂದಿರ ಎಲ್ಲ ಒಟ್ಟಿಗೆ ಬಂದವು. ಫ್ರೈ ರೂಪಿಸಿದ ಕಿರಣ್ ಚಿತ್ರಮಂದಿರ ಪೇಟೆಬೀದಿಯಲ್ಲಿ ಇಂದಿಗೂ ನಿಂತಿದೆ.

ಮೈಸೂರಿನ ಬಗ್ಗೆ ಕೇಳಿದಿರಿ. ಅಲ್ಲಿಯ ಸೊಗಸು ಅರಮನೆ, ದೊಡ್ಡ ವೃತ್ತ, ನೇರ ದಾರಿಗಳಿಂದ ಬಂದದ್ದು. ಇಲ್ಲಿ ಸರ್ಕಾರ ಮೊದಲ ಸಲಕ್ಕೆ ಕೈ ಹಾಕಿದ್ದು ಗುಮಾಸ್ತರ ಮತ್ತು ಜವಾನರ ಮನೆಗಳಿಗೆ. ಮುಖ್ಯಮಂತ್ರಿಯ ಮನೆಯಿಂದ ಜವಾನರ ಮನೆಯವರೆಗೆ 13 ದರ್ಜೆಗಳು, ಮುಂದೆ ಅದಕ್ಕೂ ಅಗ್ಗದ ಇನ್ನೊಂದು ದರ್ಜೆ. ದರ್ಜೆಯ ಸಂಖ್ಯೆಯ ಮುಂದೆ ರೂಪಿಸಿದವರ ಹೆಸರಿನ ಮೊದಲಕ್ಷರ. ಜಾನರೆ ಸ್ವತಃ ವಾಸಿಸಿದ ಸೆಕ್ಟರ್ 5ರ 57ನೇ ನಂಬರಿನ ಮನೆ 4-ಜೆ ಮಾದರಿಯದು, ಈಗ ಅದು ವಸ್ತುಸಂಗ್ರಹಾಲಯ.

ಬೆಳವಲದ ಮಗಳು:

ನಾನು ಬಾಲ್ಯವನ್ನು ಅಲ್ಲೇ ಕಳೆದವಳು. ತಂದೆ ಗದಗದ ಕಡೆಯವರು, ಕೇಂದ್ರ ಸರ್ಕಾರದ ನೌಕರಿ. ನೀಲಿನಕ್ಷೆಯವರು ಮೇಲಿನಿಂದ ನೋಡಿದ್ದನ್ನು ನಾನು ಮನೆಯೊಳಗಿನಿಂದ ಹೇಳುತ್ತೇನೆ.

ನನ್ನ ಗೆಳತಿಯ ತಂದೆ ಸಚಿವಾಲಯದಲ್ಲಿ ಜವಾನರು. ಅವರ ಮನೆ ಕೊನೆಯ ದರ್ಜೆಯ ಸಾಲುಮನೆ. ಎರಡು ಕೋಣೆ, ಮುಂದೆ ಜಗಲಿ, ಅಡುಗೆಮನೆ, ಬಚ್ಚಲು, ಬೇರೆಯಾಗಿ ಪಾಯಿಖಾನೆ, ಹಿಂದೆ ಗೋಡೆ ಕಟ್ಟಿದ ಅಂಗಳ. ನಲ್ಲಿಯಲ್ಲಿ ನೀರು, ಗುಂಡಿ ಒತ್ತಿದರೆ ದೀಪ. ಈಗ ಓದಿದರೆ ಇದರಲ್ಲೇನು ವಿಶೇಷ ಎನಿಸಬಹುದು. ಆ ಮನೆಗಳು ಎದ್ದದ್ದು 1950ರ ದಶಕದಲ್ಲಿ! ನಮ್ಮ ಅಜ್ಜಿಯ ಊರಿನಲ್ಲಿ ಆಗ ಗೌಡರ ಮನೆಯವರೂ ನೀರಿಗೆ ಕೆರೆಗೆ ಹೋಗುತ್ತಿದ್ದರು. ರಾಜಧಾನಿ ಕಟ್ಟುವಾಗ ಅತಿ ಕಡಿಮೆ ಸಂಬಳದ ನೌಕರನ ಹೆಂಡತಿ ಎಲ್ಲಿ ಪಾತ್ರೆ ತೊಳೆಯುತ್ತಾಳೆ, ಎಲ್ಲಿ ಬಟ್ಟೆ ಒಣಹಾಕುತ್ತಾಳೆ, ಬೇಸಿಗೆಯ ರಾತ್ರಿ ಮಕ್ಕಳನ್ನು ಎಲ್ಲಿ ಮಲಗಿಸುತ್ತಾಳೆ ಎಂದು ಯಾರೋ ಕುಳಿತು ಯೋಚಿಸಿದ್ದರು.

ಮಲಗುವುದು ತಾರಸಿಯ ಮೇಲೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು, ಇಟ್ಟಿಗೆ ಗೋಡೆ ಹಗಲಿಡೀ ಕುಡಿದ ಬಿಸಿಯನ್ನು ರಾತ್ರಿ ಉಗುಳುತ್ತದೆ. ಅದಕ್ಕೆ ತಾರಸಿಗೆ ಎದೆಮಟ್ಟದ ಕೈಪಿಡಿ ಗೋಡೆ, ಪಕ್ಕದ ಮನೆಯವರಿಗೆ ಕಾಣದಂತೆ ಮರೆ. ಮುಂಭಾಗದಲ್ಲಿ ಜಾಲಂದ್ರ. ಒಳಗಿದ್ದವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗಿದ್ದವರು ಕಾಣುವುದಿಲ್ಲ, ಗಾಳಿ ಮಾತ್ರ ಧಾರಾಳ. ಕಿಟಕಿಯ ಮೇಲೆ ಮುಂಚಾಚಿದ ಕಾಂಕ್ರೀಟಿನ ಬಿಸಿಲುತಡೆ. ಇಟ್ಟಿಗೆ ಅಲ್ಲೇ ಸುಡುತ್ತಿದ್ದರು, ಸಿಮೆಂಟು ಮತ್ತು ಉಕ್ಕು ದುಬಾರಿ, ಯಂತ್ರಗಳು ಕಡಿಮೆ, ಕೂಲಿಯಾಳು ಸಿಗುತ್ತಿದ್ದರು. ಮನೆಗಳ ಚೆಲುವು ಬಂದದ್ದು ಈ ಬಡತನದೊಳಗೆ ಮಾಡಿದ ಲೆಕ್ಕಾಚಾರದಿಂದ. ಗೋಡೆಯಲ್ಲೇ ಕೂಡಿಸಿದ ಕಪಾಟುಗಳನ್ನು ನೋಡಿ ನನ್ನ ತಾಯಿ, ಈ ಮನೆಗೆ ಮರದ ಬೀರು ತರುವ ಖರ್ಚೇ ಇಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದರು.

ಚಳಿಗಾಲದ್ದೂ ಹೇಳಬೇಕು. ಡಿಸೆಂಬರ್–ಜನವರಿಯ ಮಂಜಿನಲ್ಲಿ ಆ ತೆರೆದ ಜಾಲಂದ್ರದಿಂದ ಕೊರೆಯುವ ಗಾಳಿ ಬರುತ್ತಿತ್ತು. ಜನ ಗಾಜು ಹಾಕಿಸಿದರು, ಜಗಲಿ ಮುಚ್ಚಿ ಕೋಣೆ ಮಾಡಿಕೊಂಡರು, ಮಕ್ಕಳು ದೊಡ್ಡವರಾದ ಮೇಲೆ ಅಂಗಳಕ್ಕೂ ತಗಡು ಹೊದಿಸಿದರು. ಅಧಿಕಾರಿಗಳು ಇದನ್ನು ನಿಯಮ ಉಲ್ಲಂಘನೆ ಎನ್ನುತ್ತಾರೆ. ಎರಡು ಕೋಣೆಯಲ್ಲಿ ಆರು ಜನ ಬೆಳೆಯುವಾಗ ಅದು ಅನಿವಾರ್ಯ ಎಂದು ನಾನು ಹೇಳುತ್ತೇನೆ.

ಮೊಹಾಲಿ ಬಸ್ಸು:

ಎಲ್ಲರೂ ಪ್ರೀತಿಯಿಂದ ಬರೆದಿದ್ದೀರಿ. ಅದೇ ನಗರದಲ್ಲಿ ಮನೆ ಮಾಡಲಾಗದವಳ ಮಾತೂ ಸೇರಲಿ.

ನಾನು ದಾದಿ, ಚಂಡೀಗಢದ ಆಸ್ಪತ್ರೆಯೊಂದರಲ್ಲಿ ಕೆಲಸ. ಊರು ಹಾಸನದ ಹತ್ತಿರ. ಬಂದ ಹೊಸತರಲ್ಲಿ ಉತ್ತರದ ಸೆಕ್ಟರೊಂದರಲ್ಲಿ ದೊಡ್ಡ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತ್ತು. ಮಾಲೀಕರ ವೃದ್ಧ ದಂಪತಿ ಮತ್ತು ನಾನು, ಅಷ್ಟು ದೊಡ್ಡ ಬಂಗಲೆಗೆ ಮೂರೇ ಜನ. ಬಾಡಿಗೆ ಏರುತ್ತ ಹೋಯಿತು, ಬಿಟ್ಟೆ. ಆಮೇಲೆ ಬುಡೈಲ್‌ನಲ್ಲಿದ್ದೆ, ಈಗ ಮೊಹಾಲಿಯಿಂದ ಬಸ್ಸಿನಲ್ಲಿ ಬರುತ್ತೇನೆ.

ಬುಡೈಲ್ ಗೊತ್ತಿಲ್ಲದವರಿಗೆ: ಅದು ಸೆಕ್ಟರ್ 45ರ ಒಳಗೆ ಉಳಿದ ಹಳೆಯ ಹಳ್ಳಿ. ಸೆಕ್ಟರ್ 42ರಲ್ಲಿ ಅಟ್ಟಾವಾ ಕೂಡ ಹೀಗೆಯೇ. ನಗರಕ್ಕಾಗಿ ಹಲವು ಹಳ್ಳಿಗಳ ಭೂಮಿ ವಶವಾಯಿತು. ಮೊದಲ ಹಂತದಲ್ಲಿ ಹಳ್ಳಿಗಳನ್ನು ಪೂರ್ತಿ ತೆರವು ಮಾಡಿದರು. ಮುಂದಿನ ಹಂತದಲ್ಲಿ ಹೊಲಗಳನ್ನು ತೆಗೆದುಕೊಂಡು ಊರಿನ ವಸತಿಯನ್ನು ಬಿಟ್ಟರು. ನಮ್ಮ ಕಡೆಯ ಗ್ರಾಮಠಾಣದಂತೆ ಅಲ್ಲಿ ಲಾಲ್ ಡೋರಾ ಎಂಬ ಎಲ್ಲೆ, ಅದರೊಳಗೆ ಸೆಕ್ಟರಿನ ಕಟ್ಟಡ ನಿಯಮ ಬಹುಕಾಲ ಅನ್ವಯಿಸಲಿಲ್ಲ. ಹೊಲ ಕಳೆದುಕೊಂಡವರಿಗೆ ಬಾಡಿಗೆಯೊಂದೇ ಬೆಳೆ. ಎರಡಾಳು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಓಣಿ, ಮೇಲೆ ನಾಲ್ಕೈದು ಮಹಡಿ, ತಂತಿಗಳ ಗೋಜಲು. ಆಟೋ ಚಾಲಕರು, ಮನೆಗೆಲಸದ ಹೆಣ್ಣುಮಕ್ಕಳು, ಅಂಗಡಿ ಹುಡುಗರು, ನನ್ನಂಥ ದಾದಿಯರು ಅಲ್ಲಿ ತುಂಬಿಕೊಂಡಿದ್ದಾರೆ. ಈ ನಗರದ ಸೊಬಗನ್ನು ಪ್ರತಿದಿನ ಗುಡಿಸಿ, ನೀರು ಹಾಕಿ, ಕಾಯುವ ಜನ ಅವರೇ.

ನಗರವನ್ನು ಕಟ್ಟಿದ ಕೂಲಿಗಳಿಗೆ ನಕ್ಷೆಯಲ್ಲಿ ಮನೆಯೇ ಇರಲಿಲ್ಲ. ಕಟ್ಟುವವರು ಕಟ್ಟಿ ಹೊರಟುಹೋಗುತ್ತಾರೆ ಎಂದುಕೊಂಡರು, ಅವರು ಇಲ್ಲೇ ಉಳಿದರು. ಕಾಲೊನಿ ನಂಬರ್ 4, ಕಾಲೊನಿ ನಂಬರ್ 5 ಎಂದು ಗುಡಿಸಲುಗಳು ಬೆಳೆದವು. 2006ರಲ್ಲಿ ಸಣ್ಣ ಫ್ಲ್ಯಾಟ್‌ಗಳ ಯೋಜನೆ ಬಂತು, ಧನಾಸ್, ಮಲೋಯಾ ಎಂದು ಊರಂಚಿಗೆ ಕಳುಹಿಸಿದರು. ಸೂರು ಸಿಕ್ಕಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸೆಕ್ಟರ್ 8ರಲ್ಲಿ ಪಾತ್ರೆ ತೊಳೆಯುವವಳಿಗೆ ಮಲೋಯಾದಿಂದ ಬಂದು ಹೋಗುವ ಹೊತ್ತು ಯಾರ ಲೆಕ್ಕದಲ್ಲಿ ಸೇರುತ್ತದೆ?

ನಗರವನ್ನು ಯೋಜಿಸಿದ್ದು 5 ಲಕ್ಷ ಜನರಿಗೆ. ಮೊದಲ ಹಂತಕ್ಕೆ ಒಂದೂವರೆ ಲಕ್ಷ, ಎರಡನೇ ಹಂತಕ್ಕೆ ಮೂರೂವರೆ. 2011ರ ಜನಗಣತಿಯಲ್ಲೇ 10.55 ಲಕ್ಷ ದಾಟಿತ್ತು. ಆ ಹೆಚ್ಚಿನ ಜನ ಎಲ್ಲಿ ಹೋದರು? ದಕ್ಷಿಣಕ್ಕೆ, ಹಳ್ಳಿಗಳಿಗೆ, ಮೊಹಾಲಿಗೆ, ಪಂಚಕುಲಾಕ್ಕೆ, ಜೀರಕ್‌ಪುರಕ್ಕೆ. ಉತ್ತರದ ಸೆಕ್ಟರುಗಳ ಹುಲ್ಲುಹಾಸು ಮಾತ್ರ ಹಾಗೇ ಉಳಿಯಿತು. ಪರಂಪರೆ ಎಂಬ ಮಾತು ಯಾರಿಗೆ ಕಾವಲಾಗಿದೆ ಎಂದು ನೀವೇ ನೋಡಿ.

ಕಾನೂನುಕಟ್ಟೆ:

ತೀರ್ಪಿನ ಬಗ್ಗೆ ಒಂದಿಷ್ಟು ವಿವರ ಇಲ್ಲಿ ಬೇಕು, ಇಲ್ಲದಿದ್ದರೆ ಮಾತು ದಾರಿ ತಪ್ಪುತ್ತದೆ. ನಾನು ವಕೀಲ, ಧಾರವಾಡದಲ್ಲಿ.

ನಗರಕ್ಕೆ ಆಧಾರವಾದದ್ದು 1952ರ ಪಂಜಾಬ್ ರಾಜಧಾನಿ ಕಾಯ್ದೆ. ಅದರಡಿ 1960ರಲ್ಲಿ ಬಂದ ನಿಯಮಗಳು ನಿವೇಶನವನ್ನಾಗಲಿ ಕಟ್ಟಡವನ್ನಾಗಲಿ ತುಂಡು ಮಾಡಕೂಡದು ಎಂದವು. 2001ರಲ್ಲಿ ಅಪಾರ್ಟ್‌ಮೆಂಟ್ ನಿಯಮಗಳನ್ನು ತಂದು ಮಹಡಿವಾರು ಮಾಲೀಕತ್ವಕ್ಕೆ ದಾರಿ ಮಾಡಿದರು, ಜನರ ವಿರೋಧದ ನಂತರ 2007ರಲ್ಲಿ ಅವನ್ನು ಹಿಂತೆಗೆದುಕೊಂಡರು. ಆದರೆ ಹಿಂಬಾಗಿಲು ತೆರೆದೇ ಇತ್ತು. ಕಟ್ಟುವವನು ಹಳೆಯ ಮನೆ ಕೊಂಡು ಮೂರು ಮಹಡಿ ಎಬ್ಬಿಸುತ್ತಾನೆ. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಮೂವರಿಗೆ ಇಡೀ ಆಸ್ತಿಯ ಮೂರನೇ ಒಂದು ಪಾಲನ್ನು ಮಾರುತ್ತಾನೆ. ಕಾಗದದಲ್ಲಿ ಅವಿಭಕ್ತ ಆಸ್ತಿ, ಬಳಕೆಯಲ್ಲಿ ಮೂರು ಫ್ಲ್ಯಾಟು. ನಿವಾಸಿಗಳ ಸಂಘ ಇದನ್ನು ಪ್ರಶ್ನಿಸಿತು. ಹೈಕೋರ್ಟಿನಲ್ಲಿ ಪರಿಹಾರ ಸಿಗಲಿಲ್ಲ, ಸುಪ್ರೀಂ ಕೋರ್ಟಿಗೆ ಹೋಯಿತು.

ಪೀಠದಲ್ಲಿದ್ದವರು ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ನಮ್ಮ ನಾಡಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಮೊದಲ ಹಂತದಲ್ಲಿ ಒಂದು ವಾಸದ ಮನೆಯನ್ನು ಅಪಾರ್ಟ್‌ಮೆಂಟಾಗಿ ಒಡೆಯುವಂತಿಲ್ಲ, ಅಂಥ ಒಪ್ಪಂದಗಳನ್ನು ಮಾನ್ಯ ಮಾಡುವಂತಿಲ್ಲ, ಮಹಡಿಗಳನ್ನು ಮೂರಕ್ಕೆ ಮಿತಿಗೊಳಿಸಬೇಕು ಎಂದರು. ಮೊದಲ ಹಂತದಲ್ಲಿ ಜನಸಾಂದ್ರತೆ ಹೆಚ್ಚಿಸುವ ಪ್ರಶ್ನೆಯನ್ನು ಪರಂಪರೆ ಸಂರಕ್ಷಣಾ ಸಮಿತಿ ಪರಿಶೀಲಿಸಬೇಕು ಎಂದೂ ಹೇಳಿದರು. ಈ ಕೊನೆಯದನ್ನು ಪತ್ರಿಕೆಗಳು ಹೆಚ್ಚಾಗಿ ಬಿಟ್ಟುಬಿಟ್ಟವು. ನ್ಯಾಯಾಲಯ ಬಾಗಿಲಿಗೆ ಬೀಗ ಹಾಕಲಿಲ್ಲ. ಕಳ್ಳದಾರಿಯಿಂದ ಬೇಡ, ಯೋಚಿಸಿ ಬನ್ನಿ ಎಂದಿತು. ಮೊಹಾಲಿ ಬಸ್ಸು ಅವರ ನೋವಿಗೆ ಉತ್ತರ ಕೊಡುವುದು ಆಡಳಿತದ ಹೊಣೆ, ತೀರ್ಪು ಅದಕ್ಕೆ ಅಡ್ಡ ನಿಂತಿಲ್ಲ.

ಹೊಂಗೆನೆರಳು:

ಮೊಹಾಲಿ ಬಸ್ಸು ಅವರ ಮಾತು ಚುಚ್ಚಿತು, ಚುಚ್ಚಬೇಕಾದದ್ದೇ. ಆದರೂ ಒಂದನ್ನು ಹೇಳಲೇಬೇಕು. ನಮ್ಮ ಅಡ್ಡರಸ್ತೆಯಲ್ಲಿ ಒಂದು ಮನೆ ಇದ್ದಲ್ಲಿ ಎಂಟು ಮನೆಗಳು ಬಂದವು. ಆ ಎಂಟರಲ್ಲಿ ಒಬ್ಬ ದಾದಿಯೂ ಇಲ್ಲ, ಆಟೋ ಚಾಲಕನೂ ಇಲ್ಲ. ಬಂದವರೆಲ್ಲ ಕೋಟಿಗಟ್ಟಲೆ ಕೊಟ್ಟು ಕೊಂಡವರು. ಮಹಡಿ ಏರಿಸಿದ ಮಾತ್ರಕ್ಕೆ ಬಡವರಿಗೆ ಜಾಗ ಸಿಗುತ್ತದೆ ಎಂಬುದನ್ನು ನಾನು ಬೆಂಗಳೂರಿನಲ್ಲಿ ಎಲ್ಲೂ ಕಾಣಲಿಲ್ಲ. ನೀರಿನ ಕೊಳವೆ, ಒಳಚರಂಡಿ, ರಸ್ತೆ ಅಷ್ಟೇ ಇರುವಾಗ ಮನೆ ಮಾತ್ರ ಎಂಟು ಪಟ್ಟಾದರೆ ಕಷ್ಟಪಡುವವರೂ ಕೊನೆಗೆ ಕೆಳಗಿನ ಮಹಡಿಯ ಬಾಡಿಗೆದಾರರೇ.

ಮೊಹಾಲಿ ಬಸ್ಸು:

ಒಪ್ಪುತ್ತೇನೆ ಅಕ್ಕ. ಮೂರು ಮಹಡಿಯ ಫ್ಲ್ಯಾಟು ಬಂದರೂ ನನ್ನ ಸಂಬಳಕ್ಕೆ ಎಟುಕುವುದಿಲ್ಲ. ನಾನು ಕೇಳುತ್ತಿರುವುದು ಬೇರೆ. ಬೆಳವಲದ ಮಗಳು ಬರೆದಂತೆ 1950ರ ದಶಕದಲ್ಲಿ ಸರ್ಕಾರ ಜವಾನನ ಹೆಂಡತಿಯ ಬಗ್ಗೆ ಯೋಚಿಸಿತು. ಈಗ ಕೊಠಡಿ ಸ್ವಚ್ಛ ಮಾಡುವವರು, ಕಾವಲುಗಾರರು, ದಾದಿಯರಲ್ಲಿ ಅರ್ಧ ಜನ ಗುತ್ತಿಗೆಯವರು. ಅವರಿಗೆ ಸರ್ಕಾರಿ ವಸತಿಯ ಪಟ್ಟಿಯಲ್ಲಿ ಹೆಸರೇ ಇಲ್ಲ. ಜವಾನ ಎಂಬ ಹುದ್ದೆ ಸವೆಯುತ್ತಿದೆ, ಆ ಕೆಲಸ ಹಾಗೇ ಇದೆ. ಮಾಡುವವರಿಗೆ ಅಂಗಳವಿಲ್ಲ.

ನೀಲಿನಕ್ಷೆ:

ಈ ಮಾತನ್ನೇ ಮುಂದುವರಿಸುತ್ತೇನೆ, ಏಕೆಂದರೆ ನಾನು ಹೇಳಬೇಕೆಂದಿದ್ದರ ತಿರುಳು ಇಲ್ಲಿದೆ.

ಸಂರಕ್ಷಣೆ ಎಂದಾಗ ಎಲ್ಲರ ಕಣ್ಣು ಕಟ್ಟಡದ ಮುಂಭಾಗಕ್ಕೆ ಹೋಗುತ್ತದೆ. ಜಾನರೆ ರೂಪಿಸಿದ ಕುರ್ಚಿಗಳು ಸರ್ಕಾರಿ ಕಚೇರಿಗಳ ಉಗ್ರಾಣದಿಂದ ಗುಜರಿಯ ಬೆಲೆಗೆ ಹೋಗಿ ವಿದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಮಾರಾಟವಾದ ಮೇಲೆ ಅವುಗಳ ಬಗ್ಗೆ ಗದ್ದಲವೆದ್ದಿತು. ಅದೇ ಕೈಗಳು ರೂಪಿಸಿದ ಕೊನೆಯ ದರ್ಜೆಯ ಸಾಲುಮನೆಗಳ ಗೋಡೆ ಸೋರುತ್ತಿದ್ದರೆ ಸುದ್ದಿಯಾಗುವುದಿಲ್ಲ. ನನ್ನ ಲೆಕ್ಕದಲ್ಲಿ ಮೊದಲು ಉಳಿಯಬೇಕಾದದ್ದು ಆ ಸಾಲುಮನೆ.

ಉಳಿಸುವುದು ಎಂದರೆ ಇಟ್ಟಿಗೆಯೊಂದನ್ನೂ ಮುಟ್ಟದಿರುವುದು ಎಂದು ನಾನು ಹೇಳುತ್ತಿಲ್ಲ. ಸೆಕ್ಟರಿನ ಚೌಕಟ್ಟನ್ನು ಕಾಯಬೇಕು: ಹೊರರಸ್ತೆಗೆ ಬೆನ್ನು, ಒಳಗೆ ಹಸಿರು ಪಟ್ಟಿ, ನಡೆದು ತಲುಪುವ ಶಾಲೆ, ನೆರಳಿನ ಪೇಟೆಬೀದಿ, ಮರದ ಎತ್ತರ ಮೀರದ ಮನೆ. ಈ ಚೌಕಟ್ಟಿನೊಳಗೆ ಸರ್ಕಾರದ ಸ್ವಂತ ನೆಲ ಬೇಕಾದಷ್ಟಿದೆ. ಉತ್ತರದ ಸೆಕ್ಟರುಗಳ ದೊಡ್ಡ ಸರ್ಕಾರಿ ಬಂಗಲೆಗಳ ಹಿತ್ತಿಲುಗಳನ್ನೇ ನೋಡಿ. ಇಲ್ಲಿ ನಿವೇಶನ ಅಳೆಯುವುದು ಮರ್ಲಾ ಮತ್ತು ಕನಾಲ್‌ನಲ್ಲಿ. 5 ಮರ್ಲಾ ಎಂದರೆ 125 ಚದರ ಗಜ, ಒಂದು ಕನಾಲ್ ಎಂದರೆ 500. ಹಲವು ಕನಾಲ್‌ಗಳ ಒಂದು ಬಂಗಲೆಯ ನೆಲದಲ್ಲಿ 5 ಮರ್ಲಾದ ಎಷ್ಟು ಸಾಲುಮನೆ ಕೂರುತ್ತವೆ ಎಂಬುದಕ್ಕೆ ಎಂಜಿನಿಯರ್ ಬೇಕಾಗಿಲ್ಲ. ಎರಡೇ ಮಹಡಿ, ಅಂಗಳ ಸಹಿತ, ಗುತ್ತಿಗೆ ನೌಕರರಿಗೆ ಬಾಡಿಗೆಯ ಆಧಾರದಲ್ಲಿ. ಮಾರುವ ಹಕ್ಕು ಯಾರಿಗೂ ಇರಕೂಡದು. ಆಗ ಪರಂಪರೆಯೂ ಉಳಿಯುತ್ತದೆ, ಸೆಕ್ಟರ್ 8ರಲ್ಲಿ ಪಾತ್ರೆ ತೊಳೆಯುವವರು ಸೆಕ್ಟರ್ 8ರಲ್ಲೇ ಮಲಗುತ್ತಾರೆ.

ಇದು ಹೊಸ ವಿಚಾರವೂ ಅಲ್ಲ. ಒಂದೇ ಸೆಕ್ಟರಿನಲ್ಲಿ ಹಲವು ದರ್ಜೆಯ ಮನೆಗಳು ಅಕ್ಕಪಕ್ಕ ಇರಬಹುದು ಎಂಬುದನ್ನು ಸೆಕ್ಟರ್ 22 ಮೊದಲೇ ಮಾಡಿ ತೋರಿಸಿದೆ. ನಗರ ಬೆಳೆದಂತೆ ಉತ್ತರಕ್ಕೆ ಸಿರಿವಂತರು, ದಕ್ಷಿಣಕ್ಕೆ ಹೋದಷ್ಟೂ ಒತ್ತೊತ್ತಾದ ಸಣ್ಣ ಮನೆಗಳು ಎಂಬ ವಿಂಗಡಣೆ ಬಲವಾಯಿತು. ನಕ್ಷೆಯ ದೊಡ್ಡ ದೋಷ ಯಾವುದು ಎಂದರೆ ನಾನು ತೋರಿಸುವುದು ಇದನ್ನೇ. ಸೆಕ್ಟರಿನ ಅಂಕಿ ಕೇಳಿದರೆ ಸಾಕು, ಮನುಷ್ಯನ ಸಂಬಳ ಊಹಿಸಬಹುದು.

ಬೆಳವಲದ ಮಗಳು:

ಮರಗಳನ್ನು ಎಲ್ಲರೂ ಮರೆತಿರಿ! ಸಸ್ಯವಿಜ್ಞಾನ ಓದಿದ ಐಸಿಎಸ್ ಅಧಿಕಾರಿ ಎಂ.ಎಸ್. ರಂಧಾವಾ ಅವರು ಯಾವ ರಸ್ತೆಗೆ ಯಾವ ಮರ ಎಂದು ಹಟ ಹಿಡಿದು ನೆಡಿಸಿದವರು. ಒಂದು ರಸ್ತೆಗೆ ಒಂದೇ ಜಾತಿ, ಹಾಗಾಗಿ ಹೂ ಬಿಟ್ಟಾಗ ಇಡೀ ರಸ್ತೆ ಒಂದೇ ಬಣ್ಣ. ನಮ್ಮ ಕಕ್ಕೆ ಮರ ಅಲ್ಲಿ ಅಮಲ್ತಾಸ್, ಬಿರುಬೇಸಿಗೆಯಲ್ಲಿ ಹಳದಿ ಗೊಂಚಲು ತೂಗುತ್ತದೆ. ಕೆಂಪು ಗುಲ್‌ಮೊಹರ್, ನೇರಳೆ ಜಕರಂಡಾ, ಮಂದಾರದ ಬಗೆಯ ಕಚ್ನಾರ್. ವೇಗದ ರಸ್ತೆಗಳಿಗೆ ದಟ್ಟ ನೆರಳಿನ ಮರಗಳು. ಮನೆ ಎತ್ತರವಾದರೆ ಮರ ಕಾಣುವುದಿಲ್ಲ ಎಂಬುದಷ್ಟೇ ನನ್ನ ಚಿಂತೆಯಲ್ಲ. ಮೂರು ಮಹಡಿಗೆ ಮೂರು ಕುಟುಂಬ ಬಂದರೆ ಆರು ಕಾರು. ಕಾರು ನಿಲ್ಲಿಸಲು ಮುಂದಿನ ಹುಲ್ಲಿಗೆ ಕಲ್ಲು ಹಾಸುತ್ತಾರೆ, ಬೇರಿಗೆ ನೀರಿಳಿಯುವುದಿಲ್ಲ.

ಮೊಹಾಲಿ ಬಸ್ಸು ಅವರು ತೆರವಾದ ಹಳ್ಳಿಗಳ ಮಾತು ತೆಗೆದದ್ದು ಒಳ್ಳೆಯದಾಯಿತು. ರಾಕ್ ಗಾರ್ಡನ್‌ಗೆ ಹೋದವರು ಆ ಒಡೆದ ಗಡಿಗೆ, ಬಳೆಚೂರು, ಹೆಂಚುಗಳು ಎಲ್ಲಿಂದ ಬಂದವು ಎಂದು ಕೇಳಬೇಕು. ರಸ್ತೆ ಮೇಲ್ವಿಚಾರಕರಾಗಿದ್ದ ನೇಕ್ ಚಂದ್, ಕೆಡವಿದ ಹಳ್ಳಿಗಳ ಅವಶೇಷಗಳನ್ನೂ ನಗರದ ಕಸವನ್ನೂ ಗುಟ್ಟಾಗಿ ಹೊತ್ತು ತಂದು ವರ್ಷಗಟ್ಟಲೆ ಅದನ್ನು ಕಟ್ಟಿದರು. 1976ರಲ್ಲಿ ಜನರಿಗೆ ತೆರೆಯಿತು. ಅವರೂ ವಿಭಜನೆಯಲ್ಲಿ ತಮ್ಮ ಹಳ್ಳಿ ಬಿಟ್ಟು ಬಂದವರು.

ತುಂಗೆಯ ತಡಿ:

ನಾನು ಮುಂದಿನ ತಿಂಗಳು ಸ್ನಾತಕೋತ್ತರ ಓದಿಗೆ ಅಲ್ಲಿಗೆ ಬರುತ್ತಿದ್ದೇನೆ. ಸೆಕ್ಟರ್ 22ರಲ್ಲಿ ಕೋಣೆ ಹುಡುಕುವುದು ಸರಿಯೇ? ವಿಳಾಸ ನೋಡಿದರೆ ಬೀದಿಯ ಹೆಸರೇ ಇಲ್ಲ, ಬರೀ ಅಂಕಿ ಮತ್ತು ಅಕ್ಷರ.

ಮೊಹಾಲಿ ಬಸ್ಸು:

ವಿಳಾಸ ಸುಲಭ ತಮ್ಮ. ಮನೆಯ ನಂಬರು, ಸೆಕ್ಟರಿನ ಅಂಕಿ, ಸೆಕ್ಟರಿನೊಳಗಿನ ಎ, ಬಿ, ಸಿ, ಡಿ ಭಾಗ. ಇಷ್ಟೇ. ಮನೆ ನಂಬರುಗಳನ್ನು ತಿರುವುಗಳಲ್ಲಿ ಫಲಕ ಹಾಕಿ ಬರೆದಿರುತ್ತಾರೆ. 13ರ ಸೆಕ್ಟರ್ ಎಲ್ಲಿ ಎಂದು ಹುಡುಕಬೇಡ, ಮೂಲ ನಕ್ಷೆಯಲ್ಲಿ ಅದನ್ನು ಬಿಟ್ಟಿದ್ದರು, ಈಚೆಗೆ ಮನಿಮಾಜ್ರಾಕ್ಕೆ ಆ ಅಂಕಿ ಕೊಟ್ಟರು.

22ರಲ್ಲಿ ಪೇಯಿಂಗ್ ಗೆಸ್ಟ್ ಕೋಣೆಗಳು ಸಿಗುತ್ತವೆ. ಪೇಟೆಬೀದಿಗೆ ಹತ್ತಿರದವು ಗಲಾಟೆ, ಮೊಬೈಲ್ ಅಂಗಡಿ, ಹೋಟೆಲುಗಳ ಸದ್ದು ರಾತ್ರಿಯವರೆಗೆ. ಹಸಿರು ಪಟ್ಟಿಯ ಕಡೆಗೆ ಹೋದಷ್ಟೂ ಒಳ್ಳೆಯದು. ದಾಟಿದರೆ ಸೆಕ್ಟರ್ 17ರ ಬಸ್ ನಿಲ್ದಾಣ. ದೂರದ ಊರಿನ ಬಸ್ಸುಗಳು ಕೆಲವು ಸೆಕ್ಟರ್ 43ರ ನಿಲ್ದಾಣಕ್ಕೆ ಬರುತ್ತವೆ, ಟಿಕೆಟಿನಲ್ಲಿ ನೋಡಿಕೊ. ಮುಂಗಡ ಕೊಡುವ ಮುಂಚೆ ಮನೆ ಮಾಲೀಕರ ಬಳಿ ರಸೀದಿ ಕೇಳು, ಬಾಡಿಗೆ ಕರಾರನ್ನು ಓದಿ ಸಹಿ ಮಾಡು. ಡಿಸೆಂಬರಿಗೆ ದಪ್ಪ ರಜಾಯಿ ಬೇಕು, ಅಲ್ಲೇ ಸಿಗುತ್ತದೆ, ಊರಿನಿಂದ ಹೊತ್ತು ತರಬೇಡ.

ನೀಲಿನಕ್ಷೆ:

ತುಂಗೆಯ ತಡಿ ಅವರೇ, ಬಂದ ಮೇಲೆ ಮೊದಲು ಸೆಕ್ಟರ್ 19ರ ಲ ಕಾರ್ಬೂಸಿಯೆ ಕೇಂದ್ರಕ್ಕೆ ಹೋಗಿ. ಅದು ವಾಸ್ತುಶಿಲ್ಪಿಗಳ ಹಳೆಯ ಕಚೇರಿ, ನಕ್ಷೆಗಳೂ ಪತ್ರಗಳೂ ಅಲ್ಲಿವೆ. ಆಮೇಲೆ ಸೆಕ್ಟರ್ 22ರ ಸಾಲುಮನೆಗಳ ನಡುವೆ ಬೆಳಿಗ್ಗೆ ನಡೆಯಿರಿ. ನಂತರ ಅದೇ ದಿನ ಬುಡೈಲ್‌ಗೂ ಹೋಗಿ ಬನ್ನಿ. ಎರಡನ್ನೂ ನೋಡಿದವರ ಅಭಿಪ್ರಾಯ ಇಲ್ಲಿ ಬೇಕಾಗಿದೆ.

ಕಾನೂನುಕಟ್ಟೆಯವರಲ್ಲಿ ಒಂದು ವಿನಂತಿ: ಪರಂಪರೆ ಸಮಿತಿಯ ಮುಂದೆ ಸಾರ್ವಜನಿಕರು ಸಲಹೆ ಸಲ್ಲಿಸಲು ಯಾವ ರೂಪದಲ್ಲಿ ಬರೆಯಬೇಕು ಎಂದು ಒಂದು ಕರಡು ಮಾಡಿಕೊಡುವಿರಾ? ಸರ್ಕಾರಿ ನೆಲದಲ್ಲಿ ಗುತ್ತಿಗೆ ನೌಕರರ ಸಾಲುಮನೆಯ ಪ್ರಸ್ತಾವಕ್ಕೆ ನಕ್ಷೆ ನಾನು ಬರೆಯುತ್ತೇನೆ. ಮೊಹಾಲಿ ಬಸ್ಸು ಅವರು ತಮ್ಮ ಸಹೋದ್ಯೋಗಿಗಳಲ್ಲಿ ಯಾರು ಎಲ್ಲಿಂದ ಬರುತ್ತಾರೆ, ಬಾಡಿಗೆ ಎಷ್ಟು, ಪ್ರಯಾಣಕ್ಕೆ ಎಷ್ಟು ಹೊತ್ತು ಎಂದು ಹೆಸರಿಲ್ಲದೆ ಬರೆಸಿಕೊಟ್ಟರೆ ಅದನ್ನು ಅರ್ಜಿಗೆ ಲಗತ್ತಿಸೋಣ.

ಕಾನೂನುಕಟ್ಟೆ:

ಈ ವಾರದೊಳಗೆ ಕರಡು ಕಳುಹಿಸುತ್ತೇನೆ. ಇಂಗ್ಲಿಷಿನಲ್ಲಿ ಒಂದು, ಹಿಂದಿ ಮತ್ತು ಪಂಜಾಬಿಗೆ ಅನುವಾದ ಅಲ್ಲಿಯವರಿಂದಲೇ ಮಾಡಿಸಿ. ಬುಡೈಲ್ ಮತ್ತು ಧನಾಸ್‌ನ ನಿವಾಸಿಗಳ ಸಹಿ ಮೊದಲ ಪುಟದಲ್ಲಿರಲಿ, ನಮ್ಮಂಥವರ ಸಹಿ ಕೊನೆಯಲ್ಲಿ.